ಲಗಾಮಿಲ್ಲದ ಓಟವೂ ಲೆಕ್ಕವಿಲ್ಲದ ವಾದವೂ



ಕಾರು ಓಟದ ಹುಚ್ಚು ಹಿಡಿಸಿಕೊಂಡಿರುವ ಹಳೆಯ ವಿದ್ಯಾರ್ಥಿಗಳು ನನಗೆ ಕೆಲವರಿದ್ದಾರೆ. ನನ್ನ ಪಾಲಿಗೆ ಅವರಿನ್ನೂ ಹುಡುಗರೇ. ವಾಸ್ತವದಲ್ಲಿ ನಲವತ್ತು ದಾಟಿದ ಎಂಜಿನಿಯರುಗಳು. ಮಾತಿಗೆ ಸಿಕ್ಕಾಗಲೆಲ್ಲ ಅವರು ಮುಂದಿಡುವ ವಾದವೊಂದಿದೆ. “ಸರ್, ಈಗಿನ ರೇಸುಗಳಲ್ಲಿ ನಿಯಮಗಳದ್ದೇ ಕಾರುಬಾರು. ಎಂಜಿನ್ನಿಗೆ ಮಿತಿ, ತೂಕಕ್ಕೆ ಮಿತಿ, ರೆಕ್ಕೆಯ ಅಗಲಕ್ಕೂ ಮಿತಿ. ಇವನ್ನೆಲ್ಲ ಕಿತ್ತೆಸೆದು, ಯಾರು ಎಂಥ ಸ್ಪೋರ್ಟ್ಸ್ ಕಾರನ್ನು ಬೇಕಾದರೂ ಕಟ್ಟಿ ತರಲಿ ಎಂದು ಬಿಟ್ಟುಬಿಡಬೇಕು. ಹಿಂದಿನ ಕಾಲದಲ್ಲಿ ಅಪಾಯವಿತ್ತು, ನಿಜ. ಈಗ ಕಾರ್ಬನ್ ಫೈಬರ್ ಇದೆ, ಕಂಪ್ಯೂಟರ್ ಇದೆ, ಒಳ್ಳೆಯ ತಡೆಗೋಡೆಗಳಿವೆ. ಯಾರಿಗೂ ಏನೂ ಆಗುವುದಿಲ್ಲ.”

ಕೇಳುವುದಕ್ಕೆ ಸೊಗಸಾದ ಮಾತು. ಆದರೆ ಇದು ಪೊಳ್ಳು ವಾದವೆಂದು ನಾನು ಖಂಡಿತವಾಗಿ ಹೇಳುತ್ತೇನೆ. ನಾನು ಕಾರು ಓಟದ ಪಟುವಲ್ಲ. ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಗಳನ್ನು ಬೋಧಿಸಿ ನಿವೃತ್ತನಾದವನು. ಆದರೆ ಈ ವಾದವನ್ನು ಮುರಿಯಲು ರೇಸಿಂಗ್ ಪಾಂಡಿತ್ಯವೇನೂ ಬೇಕಿಲ್ಲ. ಸ್ವಲ್ಪ ಇತಿಹಾಸ, ಒಂಬತ್ತು–ಹತ್ತನೆಯ ತರಗತಿಯ ಭೌತಶಾಸ್ತ್ರ, ಇವಿಷ್ಟು ಸಾಕು. ಇವೆರಡನ್ನೂ ನೀವು ನನ್ನ ಮುಂದೆಯೇ ಕುಳಿತು ಕಲಿತವರು. ಆದ್ದರಿಂದ ಈ ಲೇಖನವನ್ನು ಒಂದು ಪುನರಾವರ್ತನೆಯ ಪಾಠವೆಂದೇ ತಿಳಿಯಿರಿ.

ಮೊದಲು ಇತಿಹಾಸ. ಮಿತಿಯಿಲ್ಲದ ಓಟವನ್ನು ಯಾರೂ ಪ್ರಯತ್ನಿಸಿಯೇ ಇಲ್ಲವೆಂಬಂತೆ ನಮ್ಮ ಹುಡುಗರು ಮಾತನಾಡುತ್ತಾರೆ. ಪ್ರಯತ್ನ ನಡೆದಿದೆ. 1966ರಲ್ಲಿ ಕೆನಡಾ ಮತ್ತು ಅಮೆರಿಕಗಳಲ್ಲಿ ‘ಕ್ಯಾನ್-ಆಮ್’ ಎಂಬ ಸ್ಪರ್ಧಾಸರಣಿ ಆರಂಭವಾಯಿತು. ಅದರ ನಿಯಮಗಳು ಬೆರಳೆಣಿಕೆಯಷ್ಟು. ಕಾರಿನಲ್ಲಿ ಇಬ್ಬರು ಕೂರುವಷ್ಟು ಜಾಗವಿರಬೇಕು, ಚಕ್ರಗಳು ಹೊದಿಕೆಯೊಳಗೆ ಇರಬೇಕು, ಮತ್ತೆ ಕೆಲವು ಸುರಕ್ಷತಾ ಅಗತ್ಯಗಳು. ಎಂಜಿನ್ನಿನ ಗಾತ್ರಕ್ಕೆ ಮೇಲ್ಮಿತಿಯೇ ಇರಲಿಲ್ಲ. ಮೊದಲ ವರ್ಷ ಜಾನ್ ಸರ್ಟೀಸ್ ಗೆದ್ದರು. ಆಮೇಲೆ ಏನಾಯಿತು? 1967ರಿಂದ 1971ರವರೆಗೆ ಐದೂ ವರ್ಷ ಮೆಕ್ಲಾರೆನ್ ತಂಡದವರೇ ಚಾಂಪಿಯನ್ನರು. 1969ರಲ್ಲಿ ನಡೆದ ಹನ್ನೊಂದು ಸ್ಪರ್ಧೆಗಳಲ್ಲಿ ಹನ್ನೊಂದನ್ನೂ ಅವರೇ ಗೆದ್ದರು. ಅನಂತರ ಜರ್ಮನಿಯ ಪೋರ್ಷೆ ಕಂಪನಿ ಬಂದಿತು. ಅದರ 917/30 ಎಂಬ ಕಾರು ಸುಮಾರು 1,100 ಅಶ್ವಶಕ್ತಿಯದು. 1973ರ ಎಂಟು ಸ್ಪರ್ಧೆಗಳಲ್ಲಿ ಆರನ್ನು ಆ ಕಾರಿನಲ್ಲಿ ಮಾರ್ಕ್ ಡೊನೊಹ್ಯೂ ಗೆದ್ದರು; ಉಳಿದೆರಡೂ ಪೋರ್ಷೆಯ ಹಳೆಯ ಕಾರುಗಳ ಪಾಲಾದವು. 1974ರಲ್ಲಿ, ತೈಲ ಬಿಕ್ಕಟ್ಟಿನ ಹಿನ್ನೆಲೆಯಲ್ಲಿ, ಇಂಧನ ಬಳಕೆಗೆ ಮಿತಿ ಹೇರಲಾಯಿತು. ಪೋರ್ಷೆ ಹಿಂದೆ ಸರಿಯಿತು. ಆ ವರ್ಷ ಐದು ಸ್ಪರ್ಧೆಗಳು ನಡೆದು ಸರಣಿಯೇ ಕಣ್ಣುಮುಚ್ಚಿತು.

ಇದರಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿ. ಮಿತಿಯಿಲ್ಲವೆಂದು ಹೆಸರಾದ ಆ ಸರಣಿಯಲ್ಲಿಯೇ 1970ರಲ್ಲಿ ಜಿಮ್ ಹಾಲ್ ಎಂಬವರ ‘ಚಾಪರಲ್ 2ಜೆ’ ಎಂಬ ಕಾರು ಕಾಣಿಸಿಕೊಂಡಿತು. ಅದರ ಹಿಂಭಾಗದಲ್ಲಿ ಎರಡು ದೊಡ್ಡ ಫ್ಯಾನುಗಳು. ಅವನ್ನು ತಿರುಗಿಸಲು ಬೇರೆಯೇ ಒಂದು ಪುಟ್ಟ ಎಂಜಿನ್. ಕಾರಿನ ಅಡಿಯ ಗಾಳಿಯನ್ನು ಅವು ಹೊರಕ್ಕೆ ಎಳೆದುಹಾಕುತ್ತಿದ್ದವು. ಒಳಗೆ ಒತ್ತಡ ಕಡಿಮೆಯಾದಾಗ ಹೊರಗಿನ ವಾಯುಮಂಡಲವೇ ಕಾರನ್ನು ನೆಲಕ್ಕೆ ಅದುಮಿ ಹಿಡಿಯುತ್ತಿತ್ತು. ಗೋಡೆಗೆ ಅಂಟುವ ರಬ್ಬರ್ ಬಟ್ಟಲಿನ ಪ್ರಯೋಗ ನಿಮಗೆ ನೆನಪಿರಬಹುದು, ಅದೇ ತತ್ತ್ವ. ತಿರುವುಗಳಲ್ಲಿ ಅದರ ವೇಗವನ್ನು ಯಾರಿಂದಲೂ ಮುಟ್ಟಲಾಗಲಿಲ್ಲ. ಎದುರಾಳಿಗಳು ದೂರಿದರು, ಆ ಋತು ಮುಗಿಯುತ್ತಲೇ ಕಾರನ್ನು ನಿಷೇಧಿಸಲಾಯಿತು. ಅಂದರೆ ಸ್ವಾತಂತ್ರ್ಯವೇ ತನ್ನ ಧರ್ಮವೆಂದು ಸಾರಿದ ಸರಣಿಗೆ ನಾಲ್ಕೈದು ವರ್ಷಗಳಲ್ಲಿಯೇ ಸ್ವಾತಂತ್ರ್ಯದ ಭಯ ಹತ್ತಿತು! ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವ ಸ್ಪರ್ಧೆಯಲ್ಲಿ ಎಲ್ಲಿಯಾದರೂ ಒಂದು ಕಡೆ ಗೆರೆ ಎಳೆಯಲೇಬೇಕಾಗುತ್ತದೆ. ಗೆರೆಯನ್ನು ಮೊದಲೇ ಎಳೆಯಬೇಕೋ, ಹೆಣ ಬಿದ್ದ ಮೇಲೆ ಎಳೆಯಬೇಕೋ ಎಂಬುದಷ್ಟೇ ಪ್ರಶ್ನೆ.

ಹೆಣ ಎಂಬ ಕಟುವಾದ ಪದವನ್ನು ಬೇಕೆಂದೇ ಬಳಸಿದ್ದೇನೆ. ಮೆಕ್ಲಾರೆನ್ ತಂಡವನ್ನು ಕಟ್ಟಿದ ಬ್ರೂಸ್ ಮೆಕ್ಲಾರೆನ್ 1970ರ ಜೂನ್ 2ರಂದು ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ತಮ್ಮ ಹೊಸ ಕ್ಯಾನ್-ಆಮ್ ಕಾರನ್ನು ಪರೀಕ್ಷಿಸುತ್ತಿದ್ದಾಗ ಅದರ ಹಿಂಭಾಗದ ಹೊದಿಕೆ ಕಳಚಿಹೋಯಿತು. ಕಾರು ಹಿಡಿತ ತಪ್ಪಿ ಅಪ್ಪಳಿಸಿ ಅವರು ತೀರಿಕೊಂಡರು. ವಯಸ್ಸು ಮೂವತ್ತೆರಡು. ಎರಡು ವರ್ಷಗಳ ಬಳಿಕ ಅಮೆರಿಕದ ರೋಡ್ ಅಟ್ಲಾಂಟಾದಲ್ಲಿ ಡೊನೊಹ್ಯೂ ಅವರ ಪೋರ್ಷೆಗೂ ಅದೇ ಗತಿಯಾಯಿತು. ಹಿಂಭಾಗದ ಹೊದಿಕೆ ಹಾರಿಹೋಗಿ ಅವರು ಮೊಣಕಾಲಿಗೆ ತೀವ್ರ ಪೆಟ್ಟು ಮಾಡಿಕೊಂಡರು. ಆ ವೇಗದಲ್ಲಿ ಒಂದು ಹೊದಿಕೆ ಕಳಚಿದರೆ ಚಾಲಕನ ಕೌಶಲಕ್ಕೆ ಅಲ್ಲಿ ಕೆಲಸವೇ ಉಳಿಯುವುದಿಲ್ಲ.

“ಅದೆಲ್ಲ ಐವತ್ತು ವರ್ಷಗಳ ಹಿಂದಿನ ಕಥೆ, ಸರ್” ಎನ್ನುತ್ತೀರಿ. ಒಳ್ಳೆಯದು. ಹಾಗಾದರೆ ಐವತ್ತು ವರ್ಷಗಳಲ್ಲಿ ಬದಲಾಗದ ಸಂಗತಿಗೆ ಬರೋಣ. ಚಲನಶಕ್ತಿಯ ಸೂತ್ರ ಬದಲಾಗಿಲ್ಲ. ಅರ್ಧ, ಗುಣಿಸು ದ್ರವ್ಯರಾಶಿ, ಗುಣಿಸು ವೇಗದ ವರ್ಗ. ಸಾವಿರ ಕಿಲೋಗ್ರಾಂ ತೂಗುವ ಕಾರೊಂದು ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರಲ್ಲಿರುವ ಚಲನಶಕ್ತಿ 12.5 ಲಕ್ಷ ಜೂಲ್. ವೇಗವನ್ನು ಎರಡರಷ್ಟು ಮಾಡಿ, 360 ಕಿಲೋಮೀಟರಿಗೆ ಏರಿಸಿದರೆ ಶಕ್ತಿ 50 ಲಕ್ಷ ಜೂಲ್. ವೇಗ ಇಮ್ಮಡಿ, ಶಕ್ತಿ ನಾಲ್ಮಡಿ.

ಜೂಲ್ ಎಂದರೆ ಮನಸ್ಸಿಗೆ ತಟ್ಟದಿದ್ದರೆ ಜೋಗಕ್ಕೆ ಬನ್ನಿ. ರಾಜಾ ಧಾರೆಯ ಎತ್ತರ 253 ಮೀಟರ್. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಅದರ ನೆತ್ತಿಯಿಂದ ಬಿದ್ದ ವಸ್ತು ತಳ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 253 ಕಿಲೋಮೀಟರ್. ಅಂಕಿಗಳು ಹೀಗೆ ಹೊಂದುವುದು ಕಾಕತಾಳೀಯ. ಆದರೆ ನೆನಪಿಡಲು ಅನುಕೂಲ. 360 ಕಿಲೋಮೀಟರ್ ವೇಗ ಬರಬೇಕಾದರೆ 510 ಮೀಟರ್ ಎತ್ತರದಿಂದ ಬೀಳಬೇಕು. ಅಂದರೆ ಒಂದರ ಮೇಲೊಂದು ಇಟ್ಟ ಎರಡು ಜೋಗ! ಆ ವೇಗದಲ್ಲಿ ಗೋಡೆಗೆ ನೇರವಾಗಿ ಗುದ್ದುವವನು ಎರಡು ಜೋಗದ ಎತ್ತರದಿಂದ ಬಂಡೆಯ ಮೇಲೆ ಬಿದ್ದವನಿಗೆ ಸಮಾನ.

ಈಗ ತಡೆಗೋಡೆಯ ಲೆಕ್ಕ. ಚಾಲಕ ಬದುಕಿ ಉಳಿಯಬೇಕಾದರೆ ಆ ಶಕ್ತಿಯನ್ನು ನಿಧಾನವಾಗಿ, ಸ್ವಲ್ಪ ದೂರದವರೆಗೆ ಹಂಚಿ ಕರಗಿಸಬೇಕು. ಗುರುತ್ವದ ಐವತ್ತು ಪಟ್ಟು ಹೊಡೆತವನ್ನು ಸರಿಯಾದ ಪಟ್ಟಿ, ಹೆಲ್ಮೆಟ್ಟುಗಳಿರುವ ಚಾಲಕ ಕ್ಷಣಮಾತ್ರ ತಡೆದುಕೊಳ್ಳಬಹುದೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ 50 ಮೀಟರ್ ವೇಗದ ಕಾರು ಅಷ್ಟರಲ್ಲಿ ನಿಲ್ಲಬೇಕಾದರೆ ಕಾರಿನ ಮೂತಿಯೂ ತಡೆಗೋಡೆಯೂ ಸೇರಿ ಎರಡೂವರೆ ಮೀಟರ್ ಕುಸಿಯಬೇಕು. ಸೆಕೆಂಡಿಗೆ 100 ಮೀಟರ್ ವೇಗವಾದರೆ ಹತ್ತು ಮೀಟರ್ ಕುಸಿಯಬೇಕು. ಹತ್ತು ಮೀಟರ್ ಎಂದರೆ ನಮ್ಮ ತರಗತಿಯ ಕೊಠಡಿಗಿಂತ ಉದ್ದ. ಅಷ್ಟು ಮೆತ್ತನೆಯ ಗೋಡೆಯನ್ನು ಹಲವು ಕಿಲೋಮೀಟರ್ ಉದ್ದದ ಪಥದ ಎರಡೂ ಬದಿಗೆ ಕಟ್ಟುವವರು ಯಾರು? ಕಟ್ಟಿದ ಮರುವರ್ಷವೇ, ಮಿತಿಯಿಲ್ಲದ ಕಾರು 450 ಕಿಲೋಮೀಟರ್ ವೇಗಕ್ಕೆ ಏರಿದರೆ ಅದೂ ಸಾಲದು.

ಇಲ್ಲಿಯೇ ಈ ವಾದದ ಬುಡ ಅಲುಗುತ್ತದೆ. ಇಂದಿನ ಸುರಕ್ಷತಾ ಸಾಧನಗಳು ಚೆನ್ನಾಗಿ ಕೆಲಸ ಮಾಡುತ್ತಿವೆ ಎಂಬುದು ನಿಜ. 2011ರ ಲ ಮಾನ್ಸ್ 24 ಗಂಟೆಗಳ ಓಟದಲ್ಲಿ ಅಲನ್ ಮೆಕ್‌ನಿಶ್ ಮತ್ತು ಮೈಕ್ ರಾಕೆನ್‌ಫೆಲ್ಲರ್ ಅವರ ಆಡಿ ಕಾರುಗಳು ನಿಧಾನಗತಿಯ ಕಾರುಗಳಿಗೆ ತಗುಲಿ ನುಚ್ಚುನೂರಾದವು. ಚಾಲಕರಿಬ್ಬರೂ ದೊಡ್ಡ ಗಾಯವಿಲ್ಲದೆ ಉಳಿದರು. ಇದನ್ನೇ ನೀವು ಸಾಕ್ಷಿಯಾಗಿ ತರುತ್ತೀರಿ. ಆದರೆ ಅವರು ಉಳಿದದ್ದು ನಿಯಮಗಳಿದ್ದ ಓಟದಲ್ಲಿ! ಚಾಲಕ ಕೂರುವ ಗೂಡು ಇಷ್ಟು ಬಲವಾಗಿರಬೇಕು, ಕಾರಿನ ಶಕ್ತಿ ಇಷ್ಟಕ್ಕಿಂತ ಮೀರಬಾರದು ಎಂಬ ನಿರ್ಬಂಧಗಳೇ ಅವರನ್ನು ಕಾದದ್ದು. ವೇಗ ಇಂತಿಷ್ಟರೊಳಗೆ ಇರುತ್ತದೆ ಎಂಬ ಭರವಸೆಯ ಮೇಲೆ ಎಂಜಿನಿಯರು ಗೋಡೆಯನ್ನು ವಿನ್ಯಾಸ ಮಾಡುತ್ತಾನೆ. ಆ ಭರವಸೆಯನ್ನು ಕಿತ್ತುಕೊಂಡು ಗೋಡೆ ಮಾತ್ರ ಹಾಗೆಯೇ ಕಾಪಾಡಲಿ ಎನ್ನುವುದು, ನದಿಗೆ ಮಿತಿಯಿಲ್ಲದೆ ನೀರು ಬಿಟ್ಟು ಅದೇ ಅಣೆಕಟ್ಟು ತಡೆಯಲಿ ಎಂದಂತೆ. ಇಷ್ಟೆಲ್ಲ ಇದ್ದರೂ 2013ರ ಲ ಮಾನ್ಸ್‌ನಲ್ಲಿ ಅಲನ್ ಸಿಮೊನ್ಸೆನ್ ಅವರು ತಡೆಬೇಲಿಗೆ ಗುದ್ದಿ ಮೃತಪಟ್ಟರು. ಅವರದು ಅತಿ ವೇಗದ ವರ್ಗದ ಕಾರೂ ಆಗಿರಲಿಲ್ಲ.

ಗೋಡೆಯ ಮಾತು ಬಿಡಿ, ದೇಹದ ಮಾತಿಗೆ ಬನ್ನಿ. ಗೋಡೆಯನ್ನು ಬಲಪಡಿಸಬಹುದು, ನರಮನುಷ್ಯನ ಕತ್ತು, ಮಿದುಳು, ಒಳಗಿವಿಗಳನ್ನು ಯಾವ ಕಾರ್ಖಾನೆಯೂ ಹೊಸದಾಗಿ ತಯಾರಿಸುವುದಿಲ್ಲ. 2001ರ ಏಪ್ರಿಲ್‌ನಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಓರೆಯಾದ ಅಂಡಾಕಾರದ ಪಥದ ಮೇಲೆ ‘ಕಾರ್ಟ್’ ಸರಣಿಯ ಸ್ಪರ್ಧೆಯೊಂದು ನಡೆಯಬೇಕಿತ್ತು. ಅವು ಸ್ಪೋರ್ಟ್ಸ್ ಕಾರುಗಳಲ್ಲ, ತೆರೆದ ಚಕ್ರದವು. ಆದರೆ ಪಾಠ ಒಂದೇ. ಅಭ್ಯಾಸದಲ್ಲಿ ಕಾರುಗಳು ಗಂಟೆಗೆ 370 ಕಿಲೋಮೀಟರಿಗೂ ಮೀರಿ ಓಡಿದವು. ಸುತ್ತಿನ ಬಹುಪಾಲು ಸಮಯ ಗುರುತ್ವದ ಐದು ಪಟ್ಟು ಬಲ ಮೈಮೇಲೆ. ಇಪ್ಪತ್ತೈದು ಚಾಲಕರಲ್ಲಿ ಇಪ್ಪತ್ತೊಂದು ಮಂದಿ ತಲೆಸುತ್ತು ಬರುತ್ತಿದೆಯೆಂದರು. ವೈದ್ಯರ ಮಾತು ಕೇಳಿ, ಓಟದ ದಿನವೇ, ಇನ್ನೇನು ಆರಂಭವಾಗಬೇಕು ಎನ್ನುವಾಗ, ಸ್ಪರ್ಧೆಯನ್ನೇ ರದ್ದು ಮಾಡಲಾಯಿತು. ನಿಯಮಗಳಿದ್ದ ಕಾರುಗಳ ಪಾಡು ಇದು. ಚಾಪರಲ್‌ನಂತೆ ನೆಲಕ್ಕೆ ಅಂಟುವ ಕಾರಿಗೆ ಇಂದಿನ ಎಂಜಿನ್ನನ್ನೂ ಟೈರನ್ನೂ ಕೊಟ್ಟರೆ, ತಿರುವಿನಲ್ಲಿ ಕಾರು ಉಳಿಯುತ್ತದೆ, ಚಾಲಕನ ಎಚ್ಚರ ಉಳಿಯುವುದಿಲ್ಲ. ಎಚ್ಚರ ತಪ್ಪಿದವನ ಕೈಯಲ್ಲಿ ಸೆಕೆಂಡಿಗೆ ನೂರು ಮೀಟರ್ ಓಡುವ ವಾಹನ!

ಗಾಳಿಯೂ ನಂಬಿಕಸ್ಥ ಗೆಳೆಯನಲ್ಲ. ಕಾರನ್ನು ನೆಲಕ್ಕೆ ಒತ್ತುವ ಗಾಳಿಯ ಬಲ ವೇಗದ ವರ್ಗದಂತೆ ಬೆಳೆಯುತ್ತದೆ. ಆದರೆ ಮೂತಿ ಸ್ವಲ್ಪ ಮೇಲಕ್ಕೆದ್ದು ಗಾಳಿ ಅಡಿಗೆ ನುಗ್ಗಿದರೆ ಅದೇ ಬಲ ಕಾರನ್ನು ಎತ್ತಿ ಎಸೆಯುತ್ತದೆ. 1999ರ ಲ ಮಾನ್ಸ್‌ನಲ್ಲಿ ಮರ್ಸಿಡಿಸ್ ಕಂಪನಿಯ ‘ಸಿಎಲ್‌ಆರ್’ ಕಾರುಗಳು ಒಂದೇ ವಾರದಲ್ಲಿ ಮೂರು ಬಾರಿ ಆಕಾಶಕ್ಕೆ ಹಾರಿದವು. ಮೊದಲೆರಡು ಬಾರಿ ಒಳಗಿದ್ದವರು ಮಾರ್ಕ್ ವೆಬ್ಬರ್. ಓಟದ ನಡುವೆ ಪೀಟರ್ ಡಂಬ್ರೆಕ್ ಅವರ ಕಾರು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತ ಬೇಲಿಯನ್ನು ದಾಟಿ ಮರಗಳ ನಡುವೆ ಬಿದ್ದಿತು. ಇಬ್ಬರೂ ಬದುಕಿದ್ದು ಅದೃಷ್ಟ. ಆ ಮರಗಳ ಜಾಗದಲ್ಲಿ ಜನ ನಿಂತಿದ್ದರೆ?

ಜನ ನಿಂತಿದ್ದ ದಿನವೂ ಒಂದಿದೆ. 1955ರ ಜೂನ್ 11, ಅದೇ ಲ ಮಾನ್ಸ್. ಪಿಯರ್ ಲೆವೆಗ್ ಅವರ ಮರ್ಸಿಡಿಸ್ ಮುಂದಿನ ಕಾರಿಗೆ ತಗುಲಿ ಮೇಲೆ ಹಾರಿ ದಿಣ್ಣೆಗೆ ಅಪ್ಪಳಿಸಿತು. ಅದರ ಎಂಜಿನ್ ಮತ್ತಿತರ ಭಾಗಗಳು ಪ್ರೇಕ್ಷಕರ ಗುಂಪಿನೊಳಗೆ ನುಗ್ಗಿದವು. ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಮಡಿದರು. ಲೆವೆಗ್ ಕೂಡ ಉಳಿಯಲಿಲ್ಲ. ಸ್ವಿಟ್ಜರ್ಲೆಂಡ್ ದೇಶ ಅಂಥ ಓಟಗಳನ್ನೇ ದಶಕಗಳ ಕಾಲ ನಿಷೇಧಿಸಿತು. ಚಾಲಕನೇನೋ ತನ್ನ ಅಪಾಯವನ್ನು ತಿಳಿದೇ ಕೂರುತ್ತಾನೆ, ಅದು ಅವನ ಆಯ್ಕೆ ಎಂದು ನೀವು ವಾದಿಸಬಹುದು. ಟಿಕೆಟ್ ಕೊಂಡು ಮಗುವನ್ನು ಹೆಗಲಮೇಲೆ ಕೂರಿಸಿಕೊಂಡು ನಿಂತ ಅಪ್ಪನೂ ಆ ಕರಾರಿಗೆ ಸಹಿ ಹಾಕಿದ್ದನೇ?

ಆದರೆ ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಮಿತಿಯಿಲ್ಲದ ಯಂತ್ರವನ್ನು ನೋಡುವ ಕುತೂಹಲ ನನಗೂ ಇದೆ. ಅದಕ್ಕೊಂದು ದಾರಿಯೂ ಇದೆ. 2018ರಲ್ಲಿ ಪೋರ್ಷೆಯವರು ಲ ಮಾನ್ಸ್ ಗೆದ್ದ ತಮ್ಮ 919 ಕಾರಿಗೆ ಕಟ್ಟಿದ್ದ ನಿಯಮದ ಹಗ್ಗಗಳನ್ನೆಲ್ಲ ಬಿಚ್ಚಿ, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ 20 ಕಿಲೋಮೀಟರಿಗೂ ಹೆಚ್ಚು ಉದ್ದದ ಪಥದಲ್ಲಿ ಓಡಿಸಿದರು. ಟಿಮೊ ಬರ್ನ್‌ಹಾರ್ಡ್ 5 ನಿಮಿಷ 19.55 ಸೆಕೆಂಡಿನಲ್ಲಿ ಸುತ್ತು ಮುಗಿಸಿದರು. 1983ರಲ್ಲಿ ಸ್ಟೀಫನ್ ಬೆಲ್ಲೋಫ್ ಸ್ಥಾಪಿಸಿದ್ದ 6 ನಿಮಿಷ 11.13 ಸೆಕೆಂಡಿನ ದಾಖಲೆ ಮುರಿಯಿತು. ಹಾಗೆಯೇ 2022ರಲ್ಲಿ, ಚಾಪರಲ್‌ನ ಫ್ಯಾನಿನ ಉಪಾಯವನ್ನೇ ಬಳಸಿದ ‘ಮೆಕ್‌ಮರ್ಟ್ರಿ ಸ್ಪೀರ್ಲಿಂಗ್’ ಎಂಬ ವಿದ್ಯುತ್ ಕಾರು ಗುಡ್‌ವುಡ್‌ನ ಏರುದಾರಿಯನ್ನು 39.08 ಸೆಕೆಂಡಿನಲ್ಲಿ ಹತ್ತಿ ದಾಖಲೆ ಮಾಡಿತು. ಎರಡರಲ್ಲಿಯೂ ಪಥದ ಮೇಲೆ ಇದ್ದದ್ದು ಒಂದೇ ಕಾರು, ಎದುರಾಳಿ ಗಡಿಯಾರ. ತಪ್ಪಾದರೆ ತಪ್ಪು ಒಬ್ಬನದೇ. ಇದಕ್ಕೆ ನನ್ನ ಆಕ್ಷೇಪವಿಲ್ಲ.

ಓಟವೆಂದರೆ ಅದಲ್ಲ. ಓಟದಲ್ಲಿ ಮತ್ತೊಬ್ಬನಿರುತ್ತಾನೆ. ಅದೇ ಬೆಲ್ಲೋಫ್ 1985ರ ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ, ಕಡಿದಾದ ಓ ರೂಜ್ ತಿರುವಿನಲ್ಲಿ, ಜಾಕಿ ಇಕ್ಸ್ ಅವರನ್ನು ಹಿಂದೆ ಹಾಕಲು ಹೋಗಿ ಕಾರಿಗೆ ಕಾರು ತಾಗಿ ಅಪಘಾತದಲ್ಲಿ ಮಡಿದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಗಡಿಯಾರವನ್ನು ಸೋಲಿಸಿ ಮೂವತ್ತೈದು ವರ್ಷ ನಿಂತ ದಾಖಲೆ ಮಾಡಿದಾತ, ಪಕ್ಕದ ಕಾರಿನೊಡನೆ ಹಂಚಿಕೊಳ್ಳಬೇಕಾದ ಒಂದು ತಿರುವಿನಲ್ಲಿ ಪ್ರಾಣ ಬಿಟ್ಟರು. ಈ ಎರಡು ಸಂಗತಿಗಳ ನಡುವಿನ ಅಂತರವೇ ನನ್ನ ಇಡೀ ವಾದ.

ಇನ್ನು “ನಿಯಮಗಳು ಓಟವನ್ನು ಸಪ್ಪೆ ಮಾಡುತ್ತವೆ” ಎಂಬ ಮಾತು. ಹನ್ನೊಂದಕ್ಕೆ ಹನ್ನೊಂದನ್ನೂ ಒಬ್ಬರೇ ಗೆಲ್ಲುವುದು ರುಚಿಯೇ? ಲ ಮಾನ್ಸ್‌ನ ಅಗ್ರ ವರ್ಗದಲ್ಲಿ ಖರ್ಚು ವಿಪರೀತವಾಗಿ 2016ರಲ್ಲಿ ಆಡಿ, 2017ರಲ್ಲಿ ಪೋರ್ಷೆ ಹೊರನಡೆದ ಮೇಲೆ ದೊಡ್ಡ ಕಂಪನಿಗಳಲ್ಲಿ ಟೊಯೊಟಾ ಒಂದೇ ಉಳಿದಿತ್ತು. 2021ರಿಂದ ಶಕ್ತಿಯನ್ನು ಸುಮಾರು 500 ಕಿಲೋವ್ಯಾಟ್‌ಗೆ ಕಟ್ಟಿಹಾಕುವ ಹೊಸ ನಿಯಮಗಳು ಬಂದವು. ಫೆರಾರಿ, ಪೋರ್ಷೆ, ಕ್ಯಾಡಿಲಾಕ್, ಪ್ಯೂಜೋ ಎಲ್ಲರೂ ಮರಳಿ ಬಂದರು. 2024ರಲ್ಲಿ ಇಪ್ಪತ್ನಾಲ್ಕು ಗಂಟೆ ಓಡಿದ ಮೇಲೂ ಒಂಬತ್ತು ಕಾರುಗಳು ಒಂದೇ ಸುತ್ತಿನಲ್ಲಿದ್ದವು! ದಂಡೆಗಳಿದ್ದರೆ ತಾನೇ ನದಿ? ದಂಡೆಯಿಲ್ಲದಿದ್ದರೆ ಅದು ನೆರೆ.

“ದೂರದ ದೇಶದ ಸಿರಿವಂತರ ಆಟ, ನಮಗೇಕೆ ಮೇಷ್ಟ್ರೇ?” ಎಂದು ಬಂಧುಗಳು ಕೇಳಬಹುದು. ಈ ವಾದ ರೇಸಿನ ಪಥದಲ್ಲಿಯೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. “ಒಳ್ಳೆಯ ಕಾರು, ಏರ್‌ಬ್ಯಾಗ್ ಇದೆ, ಎಷ್ಟು ವೇಗವಾದರೂ ಭಯವಿಲ್ಲ” ಎಂಬ ನಂಬಿಕೆಯಾಗಿ ಅದು ನಮ್ಮ ಹೆದ್ದಾರಿಗಳಿಗೂ ಇಳಿದಿದೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ಉದ್ಘಾಟನೆಯಾದ ಕೆಲವೇ ತಿಂಗಳಲ್ಲಿ ಸಾವುಗಳು ಎಷ್ಟಾದವೆಂದರೆ ಪೊಲೀಸರು ಗಂಟೆಗೆ 100 ಕಿಲೋಮೀಟರ್ ಮಿತಿಯನ್ನು ಬಿಗಿಗೊಳಿಸಿ, ಕ್ಯಾಮೆರಾ ಇಟ್ಟು ಕಾಯಬೇಕಾಯಿತು. ಆಮೇಲೆ ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯಿತೆಂದು ಅವರೇ ತಿಳಿಸಿದ್ದಾರೆ. ರಸ್ತೆ ಅದೇ, ಕಾರುಗಳೂ ಅವೇ. ಬದಲಾದದ್ದರಲ್ಲಿ ಮುಖ್ಯವಾದುದು ಮಿತಿ. ಆ ದಾರಿಯಲ್ಲಿ ವಾರಕ್ಕೊಮ್ಮೆ ಓಡಾಡುವವರು ನಿಮ್ಮಲ್ಲಿಯೇ ಎಷ್ಟೋ ಜನ ಇದ್ದೀರಿ. ನಿಮ್ಮ ಮಕ್ಕಳು ಹಿಂದಿನ ಸೀಟಿನಲ್ಲಿರುತ್ತಾರೆ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಮಿತಿಯಿಲ್ಲದ ಯಂತ್ರ ಬೇಕೆನ್ನುವವರು ಗಡಿಯಾರದೊಡನೆ ಒಂಟಿಯಾಗಿ ಸೆಣಸಲಿ, ನೋಡುವವರನ್ನು ದೂರವಿಡಲಿ. ನಲವತ್ತೈವತ್ತು ಕಾರುಗಳನ್ನು ಒಟ್ಟಿಗೆ ಬಿಟ್ಟು, ಸುತ್ತ ಜನರನ್ನು ಕೂರಿಸಿ, ಮಿತಿಯನ್ನೂ ಕಿತ್ತುಹಾಕಿ, ಅದನ್ನು ‘ಸುರಕ್ಷಿತ’ವೆಂದು ಕರೆಯುವುದು ಮಾತ್ರ ಬೇಡ. ತಂತ್ರಜ್ಞಾನ ನಮಗೆ ಕೊಟ್ಟ ಸುರಕ್ಷತೆ ಗಂಟಿನ ಹಣವಿದ್ದಂತೆ. ಮಿತಿಯಿದ್ದಾಗ ಆ ಗಂಟು ಉಳಿಯುತ್ತದೆ. ಮಿತಿಯಿಲ್ಲದ ಸ್ಪರ್ಧೆಯಲ್ಲಿ ಮೊದಲ ದಿನವೇ ಅದನ್ನು ವೇಗಕ್ಕಾಗಿ ಸುರಿದುಬಿಡುತ್ತಾರೆ. ಏಕೆಂದರೆ ಸುರಿಯದವನು ಸೋಲುತ್ತಾನೆ.

ಒಪ್ಪದವರು ಅವಶ್ಯವಾಗಿ ಬರೆಯಿರಿ. ಆದರೆ ಬರೆಯುವ ಮುನ್ನ ಒಂದು ಕಾಗದ ತೆಗೆದುಕೊಂಡು, ನಿಮ್ಮ ಕನಸಿನ ಕಾರಿನ ತೂಕವನ್ನೂ ವೇಗವನ್ನೂ ಹಾಕಿ, ಅದು ನಿಲ್ಲಲು ಎಷ್ಟು ಮೀಟರ್ ಬೇಕೆಂದು ಲೆಕ್ಕ ಮಾಡಿ. ಎಂದಿನಂತೆ, ಉತ್ತರ ಮಾತ್ರವಲ್ಲ, ಹಂತಗಳನ್ನೂ ತೋರಿಸಬೇಕು.

ಎಲ್ಲರಿಗೂ ಶುಭವಾಗಲಿ.

– ನಿಮ್ಮ ಮೇಷ್ಟ್ರು